ಹದಿನೈದನೇ ಟೇಕು

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಅದು ಪೂರ್ತಿ ನಿಜ ಅಲ್ಲ. ನಿಜ ಏನಪ್ಪಾ ಅಂದ್ರೆ, ನಮ್ಮ ಮನೆ ಬಾಲ್ಕನಿಯಲ್ಲಿ ಎಂಟು ತಿಂಗಳಿಂದ ಒಂದು ಹಳೇ ಸೂಟ್‌ಕೇಸು ಬಿದ್ದಿದೆ. ಮೈತುಂಬಾ ಒಣಗಿದ ಕೆಸರು. ತೊಳೆಯೋಕೂ ಮನಸ್ಸಿಲ್ಲ, ಎಸೆಯೋಕೂ ಮನಸ್ಸಿಲ್ಲ. ಬಟ್ಟೆ ಒಣಹಾಕೋಕೆ ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತೆ, ನಾನು ಆ ಕಡೆ ನೋಡದೇ ಇರೋ ಹಾಗೆ ಒಳಗೆ ಬರ್ತೀನಿ. ಅದರ ಕತೆ ಆಮೇಲೆ ಹೇಳ್ತೀನಿ. ಮೊದಲು ಒಂದು ಪಿಚ್ಚರಿನ ಕತೆ.

ಹೋದ ತಿಂಗಳು ಒಂದು ಶನಿವಾರ ರಾತ್ರಿ ರಿಲೀಸ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚೋ ಹೊತ್ತಿಗೆ ಎರಡು ಗಂಟೆ. ನಿದ್ದೆ ಹಾರಿಹೋಗಿತ್ತು. ಹಾಗೇ ಹುಡುಕ್ತಾ ಹುಡುಕ್ತಾ 'ಹೋಲ್ಡ್ ಮಿ ವೈಲ್ ಐ ಆಮ್ ನೇಕೆಡ್' ಅನ್ನೋ 1966ರ ಒಂದು ಕಿರುಚಿತ್ರ ಸಿಕ್ಕಿತು. ಹೆಸರು ನೋಡಿ ನೀವು ಏನೇನೋ ಅಂದುಕೋಬೇಡಿ. ನಾನೂ ಅಂದುಕೊಂಡಿದ್ದೆ, ಮೋಸ ಹೋದೆ :-) ಅದು ಒಬ್ಬ ಬಡಪಾಯಿ ನಿರ್ದೇಶಕನ ಕತೆ. ಏನೋ ಮಹಾನ್ ಪ್ರೇಮಚಿತ್ರ ಮಾಡ್ತೀನಿ ಅಂತ ಹೊರಟಿರ್ತಾನೆ. ನಾಯಕಿಗೆ ಇವನು ಹೇಳೋ ಬಟ್ಟೆ ಬಿಚ್ಚೋ ದೃಶ್ಯಗಳೆಲ್ಲ ಸಾಕುಸಾಕಾಗಿ, ಅವಳು ಬಿಟ್ಟು ಹೋಗ್ತಾಳೆ. ಆಮೇಲೆ ಆ ಕಡೆ ಷವರಿನ ಕೆಳಗೆ ಒಂದು ಜೋಡಿ ಸುಖವಾಗಿರುತ್ತೆ, ಈ ಕಡೆ ಇವನು ತನ್ನ ಮನೆ ಬಾತ್‌ರೂಮಿನಲ್ಲಿ ಒಬ್ಬನೇ ನೀರು ಸುರಿಸಿಕೊಂಡು ನಿಂತಿರ್ತಾನೆ. ಅಷ್ಟರಲ್ಲಿ ಅಮ್ಮ ಬಾಗಿಲು ಬಡೀತಾಳೆ, ಊಟಕ್ಕೆ ಬಾ ಅಂತ! ಕೊನೆಗೆ ತಟ್ಟೆ ಮುಂದೆ ಕೂತು, ಬದುಕೋದಕ್ಕೆ ಇನ್ನೂ ಏನಾದರೂ ಕಾರಣ ಇದೆ ತಾನೇ ಅನ್ನೋ ಹಾಗೆ ನಮ್ಮನ್ನೇ ಕೇಳ್ತಾನೆ. ಅಷ್ಟೇ ಪಿಚ್ಚರು. ಹೆಚ್ಚುಕಮ್ಮಿ ಹದಿನೈದು ನಿಮಿಷ.

ಬಿದ್ದು ಬಿದ್ದು ನಕ್ಕೆ. ಆಮೇಲೆ ನಗು ಎಲ್ಲೋ ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕಂದ್ರೆ ಬಿಟ್ಟುಹೋದ ನಟರ ನಿರ್ದೇಶಕ ನಾನೂ ಒಬ್ಬ. ಎದ್ದು ನೀರು ಕುಡಿಯೋಕೆ ಹೋದಾಗ ಬಾಲ್ಕನಿಯ ಸೂಟ್‌ಕೇಸು ಕಂಡಿತು.

ಆ ಚಿತ್ರದ ನಿರ್ದೇಶಕನ ಹೆಸರು ಜಾರ್ಜ್ ಕೂಚಾರ್. ಬಡಪಾಯಿಯ ಪಾತ್ರವನ್ನೂ ಅವನೇ ಮಾಡಿದ್ದಾನೆ. ಆಗ ಅವನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಆವತ್ತಿಂದ ಒಂದು ತಿಂಗಳು ನನಗೆ ಕೂಚಾರ್ ಹುಚ್ಚು. ಸಿಕ್ಕಿದ್ದನ್ನೆಲ್ಲ ನೋಡಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ನಿಮಗೂ ಸ್ವಲ್ಪ ಹೇಳ್ತೀನಿ, ಕೇಳಿ.

ಜಾರ್ಜ್ ಮತ್ತು ಮೈಕ್ ಅವಳಿಗಳು. ಹುಟ್ಟಿದ್ದು 1942ರಲ್ಲಿ, ಬೆಳೆದದ್ದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ. ಹನ್ನೆರಡನೇ ಹುಟ್ಟುಹಬ್ಬಕ್ಕೆ ಒಂದು 8 ಎಂಎಂ ಕ್ಯಾಮೆರಾ ಉಡುಗೊರೆ ಬಂತು. ಆ ಕಾಲದಲ್ಲಿ ಅಂಥ ಕ್ಯಾಮೆರಾ ಇದ್ದದ್ದೇ ಮಗು ನಡೆಯೋದು, ಬೀಚಿಗೆ ಹೋದದ್ದು, ಹುಟ್ಟುಹಬ್ಬದ ಕೇಕು, ಇಂಥವನ್ನ ತೆಗೆಯೋಕೆ. ಇವರಿಬ್ಬರೂ ಏನು ಮಾಡಿದರು ಗೊತ್ತಾ? ಥಿಯೇಟರಿನಲ್ಲಿ ನೋಡಿಬಂದ ಹಾಲಿವುಡ್ಡಿನ ಅದ್ದೂರಿ ಚಿತ್ರಗಳನ್ನೆಲ್ಲ ಮನೆಯಲ್ಲೇ ತೆಗೆಯೋಕೆ ಶುರು ಮಾಡಿದರು! ಸಾಮ್ರಾಜ್ಯ ಮುಳುಗೋದು, ಬಿರುಗಾಳಿ ಬೀಸೋದು, ಹೆಂಗಸರು ಗೋಳಾಡೋದು, ಎಲ್ಲಾ. ನಟರು ಯಾರು? ಗೆಳೆಯರು, ಅಕ್ಕಪಕ್ಕದ ಮನೆಯವರು. ಸೆಟ್ಟು? ಮನೆ, ಮಹಡಿ, ಬೀದಿ. ಇಂಥ ಪಿಚ್ಚರುಗಳಿಗೆ ಇಟ್ಟ ಹೆಸರು ಕೇಳಿ: 'ಐ ವಾಸ್ ಎ ಟೀನೇಜ್ ರಂಪಾಟ್', 'ಲಸ್ಟ್ ಫಾರ್ ಎಕ್ಸ್ಟಸಿ', 'ಎ ಟೌನ್ ಕಾಲ್ಡ್ ಟೆಂಪೆಸ್ಟ್'. ಜಾರ್ಜ್ ಕೊನೆತನಕ ತನ್ನ ಕೆಲಸವನ್ನ 'ಪಿಕ್ಚರ್ಸ್' ಅಂತಲೇ ಕರೀತಿದ್ದ, ನಮ್ಮಜ್ಜಿ 'ಪಿಚ್ಚರ್' ಅಂದ ಹಾಗೆ. ಅದಕ್ಕೇ ನಾನೂ ಇಲ್ಲಿ ಪಿಚ್ಚರ್ ಅಂತಲೇ ಬರೀತಿದೀನಿ.

ಇಂಜಿನಿಯರ್ ಬುದ್ಧಿ ನೋಡಿ, ಲೆಕ್ಕ ಹಾಕದೇ ಇದ್ದರೆ ಸಮಾಧಾನ ಇಲ್ಲ. 8 ಎಂಎಂ ಅಂದರೆ ನಿಜಕ್ಕೂ 16 ಎಂಎಂ ಅಗಲದ ಫಿಲ್ಮು, 25 ಅಡಿ ಉದ್ದ. ಮೊದಲು ಒಂದು ಅರ್ಧದಲ್ಲಿ ಚಿತ್ರ ಮೂಡುತ್ತೆ. ಆಮೇಲೆ ಸುರುಳಿ ತೆಗೆದು ತಿರುಗಿಸಿ ಹಾಕಿದರೆ ಇನ್ನೊಂದು ಅರ್ಧದಲ್ಲಿ. ಲ್ಯಾಬಿನವರು ನಡುವೆ ಸೀಳಿ ಎರಡು ತುಂಡನ್ನ ಅಂಟಿಸಿ ಕೊಡ್ತಿದ್ದರು. ಒಟ್ಟು 50 ಅಡಿ. ಅಡಿಗೆ 80 ಫ್ರೇಮು, ಸೆಕೆಂಡಿಗೆ 16 ಫ್ರೇಮು... ಒಂದು ಸುರುಳಿಗೆ ನಾಲ್ಕು ನಿಮಿಷ ಚಿಲ್ಲರೆ, ಅಷ್ಟೇ. ಸದ್ದು ಬೇಕಂದರೆ ಬೇರೆ ಟೇಪಿನಲ್ಲಿ. ನನ್ನ ಫೋನಿನಲ್ಲಿ ಈಗ ಗಂಟೆಗಟ್ಟಲೆ ತುಂಬುವಷ್ಟು ಜಾಗ ಇದೆ. ಆದರೂ ಆ ನಾಲ್ಕು ನಿಮಿಷದಲ್ಲಿ ಇದ್ದದ್ದು ನನ್ನ ಹತ್ತಿರ ಇಲ್ಲ. ಏನು ಇತ್ತು ಅಲ್ಲಿ? ಅದನ್ನೇ ಹುಡುಕ್ತಾ ಇದೀನಿ.

ಹುಡುಗರು ದೊಡ್ಡವರಾದರು. ಕಮರ್ಷಿಯಲ್ ಆರ್ಟ್ ಓದಿದರು. ಜಾರ್ಜ್ ಟಿವಿ ವಾರ್ತೆಗೆ ಹವಾಮಾನದ ನಕ್ಷೆ ಬರೆಯೋ ಕೆಲಸ ಮಾಡಿದ. ವಾರವೆಲ್ಲ ನೌಕರಿ, ಉಳಿದ ಹೊತ್ತು ಪಿಚ್ಚರು. ಇದೇನು ನಮ್ಮದೇ ಕತೆ ಅಲ್ವಾ? 1960ರ ದಶಕದ ಶುರುವಿನಲ್ಲಿ ನ್ಯೂಯಾರ್ಕಿನಲ್ಲಿ ಅಂಡರ್‌ಗ್ರೌಂಡ್ ಸಿನಿಮಾ ಅನ್ನೋದು ತಲೆಯೆತ್ತುತ್ತಾ ಇತ್ತು. ಅಂಡರ್‌ಗ್ರೌಂಡ್ ಅಂದ್ರೆ ಭೂಗತ ದೊರೆಗಳ ಸಿನಿಮಾ ಅಲ್ಲ ಮಾರಾಯ್ರೇ! ಸ್ಟುಡಿಯೋ ಇಲ್ಲ, ನಿರ್ಮಾಪಕ ಇಲ್ಲ. ದೊಡ್ಡ ಥಿಯೇಟರಿನ ಬದಲು ಯಾರದೋ ಮನೆಯಲ್ಲೋ, ಮಹಡಿ ಮೇಲಿನ ಗೋಡೌನಿನಲ್ಲೋ, ನಡುರಾತ್ರಿ ಶೋನಲ್ಲೋ ತೋರಿಸೋ ಚಿತ್ರಗಳು. 1963ರಲ್ಲಿ ಈ ಅವಳಿಗಳು ತಮ್ಮ ಸುರುಳಿಗಳನ್ನ ಹಿಡಕೊಂಡು ಕೆನ್ ಜೇಕಬ್ಸ್ ಅನ್ನೋ ಚಿತ್ರಕಾರರ ಲಾಫ್ಟಿಗೆ ಹೋದರು. ಅಲ್ಲಿಂದ ಜೋನಸ್ ಮೇಕಸ್ ಕಣ್ಣಿಗೆ ಬಿದ್ದರು. ಮೇಕಸ್ ಮತ್ತು ಗೆಳೆಯರು ಕಟ್ಟಿದ್ದ ಫಿಲ್ಮ್‌ಮೇಕರ್ಸ್ ಕೋಆಪರೇಟಿವ್‌ನಲ್ಲಿ ಒಂದು ಒಳ್ಳೇ ನಿಯಮ ಇತ್ತು. ಯಾರು ಬೇಕಾದರೂ ತಮ್ಮ ಚಿತ್ರ ತಂದು ಇಡಬಹುದು, ಆಯ್ಕೆ ಸಮಿತಿ ಅಂತ ಒಂದಿಲ್ಲ. ನನ್ನಂಥವನಿಗೆ ಇದನ್ನ ಓದಿದಾಗಲೇ ಅರ್ಧ ಹೊಟ್ಟೆ ತುಂಬಿತು.

1965ರಲ್ಲಿ ಮೈಕ್ ತೆಗೆದ 'ಸಿನ್ಸ್ ಆಫ್ ದಿ ಫ್ಲೆಶಪಾಯ್ಡ್ಸ್' ಅಂತೂ ಈಗ ನೋಡಿದರೆ ಇನ್ನೂ ಮಜಾ. ಹತ್ತು ಲಕ್ಷ ವರ್ಷ ಆದಮೇಲಿನ ಕತೆ. ಮನುಷ್ಯರೆಲ್ಲ ಸೋಮಾರಿಗಳಾಗಿ ದ್ರಾಕ್ಷಿ ತಿಂದುಕೊಂಡು ಬಿದ್ದಿರ್ತಾರೆ, ಕೆಲಸವೆಲ್ಲ ಮಾಂಸದ ಮೈಯ ರೋಬಾಟುಗಳದ್ದು. ಒಂದು ರೋಬಾಟಿಗೆ ತಲೆ ಕೆಟ್ಟು ಇನ್ನೊಂದರ ಮೇಲೆ ಪ್ರೇಮ ಹುಟ್ಟುತ್ತೆ. ಮಾತುಗಳು ಕಾಮಿಕ್ಸಿನ ಹಾಗೆ ಗುಳ್ಳೆಗಳಲ್ಲಿ ಬರ್ತವೆ. ಕೊನೆಗೆ ಹೆಣ್ಣು ರೋಬಾಟು ಹೆರೋದು ಏನನ್ನ? ಒಂದು ಆಟಿಕೆ ರೋಬಾಟನ್ನ! ಎಐ ನಮ್ಮ ಕೆಲಸ ತಿನ್ನುತ್ತೆ ಅಂತ ಆಫೀಸಿನಲ್ಲಿ ದಿನಾ ಪ್ರೆಸೆಂಟೇಶನ್ ನೋಡಿ ಹೆದರಿದ್ದ ನನಗೆ, ಆ ಆಟಿಕೆ ನಡೆಯೋದನ್ನ ನೋಡಿ ಎಷ್ಟು ಹಗುರಾಯ್ತು ಅಂತೀರಿ.

ಈಗ ಸೂಟ್‌ಕೇಸಿಗೆ ಬರ್ತೀನಿ.

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ನಾವು ನಾಲ್ಕೈದು ಜನ ಸೇರಿ ಫೋನಿನಲ್ಲಿ ಪಿಚ್ಚರ್ ತೆಗೀತಿದ್ವಿ. ಬೆಡ್‌ಶೀಟು ಹೊದ್ದ ದೆವ್ವ, ಮೆಸ್ಸಿನ ಸೌಟು ಹಿಡಿದ ಪೊಲೀಸು, ಇಂಟರ್ನಲ್ಸಿನ ಹಿಂದಿನ ರಾತ್ರಿ ಕೊಲೆ. ಒಂದರಲ್ಲಿ ಶಾಟ್ ನಡೀತಿರುವಾಗಲೇ ವಾರ್ಡನ್ ಬಂದುಬಿಟ್ಟರು, ದೆವ್ವ ಓಡಿಹೋಯ್ತು. ಅದನ್ನೇ ಕ್ಲೈಮ್ಯಾಕ್ಸ್ ಮಾಡಿದ್ವಿ. ಎಲ್ಲದರಲ್ಲೂ ನಮ್ಮ ಹೀರೋ ಒಬ್ಬನೇ. ಹೆಸರು ಬೇಡ, ಹೀರೋ ಅಂತಲೇ ಕರೀತೀನಿ, ಆಗಲೂ ಹಾಗೇ ಕರೀತಿದ್ವಿ. ಕೆಲಸ ಸಿಕ್ಕಿದ ಮೇಲೆ ಬೆಂಗಳೂರಿನಲ್ಲಿ ನಾನೂ ಅವನೂ ಒಂದೇ ಮನೆ ಮಾಡಿದ್ವಿ. ಆಮೇಲೆ ನನಗೆ ಕಿರುಚಿತ್ರದ ಮೇಲೆ ಗಂಭೀರವಾದ ಆಸೆ ಹತ್ತಿತು. ಎಲ್ಲಾ ಕೆಟ್ಟದ್ದು ಆ 'ಗಂಭೀರ'ದಿಂದಲೇ ನೋಡಿ.

24 ತಿಂಗಳ ಇಎಂಐನಲ್ಲಿ ಮಿರರ್‌ಲೆಸ್ ಕ್ಯಾಮೆರಾ ತಗೊಂಡೆ. 'ನಿರೀಕ್ಷೆ' ಅಂತ ಹೆಸರಿಟ್ಟು ಸ್ಕ್ರಿಪ್ಟ್ ಬರೆದೆ. ಬಸ್ಸಿಗಾಗಿ ಕಾಯೋ ಮನುಷ್ಯ, ಕೈಯಲ್ಲಿ ಸೂಟ್‌ಕೇಸು, ಕೆಸರಲ್ಲಿ ಬೀಳ್ತಾನೆ, ಮೇಲೆ ಕಾಗೆ. ಕಾಗೆಗೆ ಅರ್ಥ ಇತ್ತು. ಏನು ಅಂತ ಈಗ ನೆನಪಿಲ್ಲ! ಎಕ್ಸೆಲ್ ಶೀಟಿನಲ್ಲಿ 46 ಶಾಟಿನ ಪಟ್ಟಿ ಮಾಡಿದೆ. ಪ್ರತಿ ಶಾಟಿಗೂ ಓನರ್, ಸ್ಟೇಟಸ್, ಇಟಿಎ ಅಂತ ಕಾಲಮ್ಮು. ಎರಡು ವರ್ಷ ಬರೀ ಶೀಟೇ ತಿದ್ದಿದೆ. ಕೊನೆಗೆ ಒಂದು ಭಾನುವಾರ ಹೆಸರಘಟ್ಟದ ಆಚೆ ಒಂದು ಕೆರೆ ಅಂಚಿಗೆ ಹೋದ್ವಿ. ನಾನು, ಹೀರೋ, ಆಫೀಸಿನ ಇನ್ನೊಬ್ಬ ಗೆಳೆಯ.

ಮೊದಲ ಸಲ ಬಿದ್ದಾಗ ಹೀರೋ ನಕ್ಕ. ನಾವೂ ನಕ್ಕೆವು. ನಾನು "ನಗಬೇಡ, ಟೇಕ್ ಹಾಳಾಯ್ತು" ಅಂದೆ. ಎರಡನೇ ಸಲ ಸೂಟ್‌ಕೇಸು ಫ್ರೇಮಿನಿಂದ ಆಚೆ ಹೋಯ್ತು. ಮೂರನೇ ಸಲ ಮೋಡ ಬಂತು. ಐದು, ಏಳು, ಒಂಬತ್ತು... ಸಣ್ಣಗೆ ಮಳೆ ಹನಿ ಬೀಳ್ತಿತ್ತು. ನಾನು ಕ್ಯಾಮೆರಾಗೆ ಕೊಡೆ ಹಿಡಿದು ಅದರ ಕೆಳಗೇ ನಿಂತಿದ್ದೆ. ಅವನಿಗೆ ಟವೆಲ್ ಕೂಡ ತಂದಿರಲಿಲ್ಲ. ಟವೆಲ್ಲಿಗೆ ನನ್ನ ಶೀಟಿನಲ್ಲಿ ಕಾಲಮ್ಮಿರಲಿಲ್ಲ. ಹದಿನಾಲ್ಕನೇ ಸಲ ಬಿದ್ದಮೇಲೆ ಅವನು ಏಳಲಿಲ್ಲ, ಕೆಸರಲ್ಲೇ ಕೂತು ನನ್ನ ಕಡೆ ನೋಡಿದ.

"ಲೋ, ನಾನು ಆಟ ಅಂತ ಬಂದೆ ಕಣೋ. ನೀನು ಟಿಕೆಟ್ ಅಸೈನ್ ಮಾಡ್ತಿದೀಯ."

ಎದ್ದು ಹೋಗಿ ಗಾಡಿ ಸ್ಟಾರ್ಟ್ ಮಾಡಿದ. ನಾನು ತಮಾಷೆ ಅಂದುಕೊಂಡೆ. ರಾತ್ರಿ ಮನೆಗೆ ಬಂದಮೇಲೂ ಸಾರಿ ಅನ್ನಲಿಲ್ಲ. ಪ್ರೊಫೆಶನಲ್ ಆಗಿರಬೇಕು ಅಂತ ಏನೋ ಉಪದೇಶ ಬೇರೆ ಮಾಡಿದೆ. ಮುಂದಿನ ತಿಂಗಳು ಅವನು ಆಫೀಸಿಗೆ ಹತ್ತಿರ ಅಂತ ಹೇಳಿ ಮನೆ ಬದಲಾಯಿಸಿದ. ಅದು ಆಫೀಸಿನ ದೂರದ ಮಾತಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಸೂಟ್‌ಕೇಸು ಇಲ್ಲೇ ಉಳಿಯಿತು.

ಆಟ ಅಂದರೆ ಬೇಕಾಬಿಟ್ಟಿ ಅಂತ ನಾನು ತಿಳಿದಿದ್ದೆ. ಅದಕ್ಕೇ 'ಕೆಲಸ' ಮಾಡೋಕೆ ಹೋದೆ. ಈ ತಿಂಗಳು ನೋಡಿದ ಪಿಚ್ಚರುಗಳು ಆ ಲೆಕ್ಕ ತಪ್ಪು ಅಂತ ಹೇಳಿದವು. ಕೂಚಾರ್‌ಗಳದ್ದು ಮಾತ್ರ ಅಲ್ಲ. ಬ್ರೂಸ್ ಕಾನರ್ ಅಂತ ಇನ್ನೊಬ್ಬ ಪುಣ್ಯಾತ್ಮ ಇದ್ದ. 1958ರಲ್ಲಿ 'ಎ ಮೂವಿ' ಅಂತ 12 ನಿಮಿಷದ ಚಿತ್ರ ಮಾಡಿದ. ಒಂದು ಶಾಟೂ ಅವನು ತೆಗೆದದ್ದಲ್ಲ! ಬೇರೆಯವರ ಹಳೇ ಫಿಲ್ಮಿನ ತುಂಡುಗಳನ್ನ ತಂದು ಅಂಟಿಸಿದ್ದು. ಸಬ್‌ಮರೀನಿನವನು ಪೆರಿಸ್ಕೋಪಿನಲ್ಲಿ ನೋಡ್ತಾನೆ, ಬಿಕಿನಿ ಹಾಕಿದ ಹುಡುಗಿ ಕಾಣ್ತಾಳೆ, ಟಾರ್ಪಿಡೋ ಬಿಡ್ತಾನೆ, ಅಣುಬಾಂಬಿನ ಮೋಡ ಏಳುತ್ತೆ. 'ದಿ ಎಂಡ್' ಅನ್ನೋದು ಶುರುವಿನಲ್ಲೇ ಬಂದುಹೋಗುತ್ತೆ. ನಗ್ತಾ ನಗ್ತಾ ಇರುವಾಗ ಅಪಘಾತಗಳು ಒಂದರ ಹಿಂದೆ ಒಂದು ಬರೋಕೆ ಶುರು, ನಗು ನಿಂತುಹೋಗುತ್ತೆ. ನಡುವೆ ಟಕೋಮಾ ಸೇತುವೆ ಹಗ್ಗದ ಹಾಗೆ ತೂಗಾಡೋ ದೃಶ್ಯ ಬಂತು. 1940ರಲ್ಲಿ ಗಾಳಿಗೆ ಬಿದ್ದ ಸೇತುವೆ. ನಮಗೆ ಕ್ಲಾಸಿನಲ್ಲಿ ಅದನ್ನ ವೈಬ್ರೇಶನ್ ಪಾಠಕ್ಕೆ ತೋರಿಸಿದ್ದರು, ನಾನು ಹತ್ತು ಮಾರ್ಕಿನ ಉತ್ತರ ಬರೆದಿದ್ದೆ. ಹೆದರಿಕೆ ಆದದ್ದು ಮಾತ್ರ ಈಗಲೇ.

ರಾಬರ್ಟ್ ನೆಲ್ಸನ್ 1965ರಲ್ಲಿ ಮಾಡಿದ 'ಓ ಡೆಮ್ ವಾಟರ್‌ಮೆಲನ್ಸ್' ಕೂಡ ಹೀಗೇ. ಸುಮಾರು 11 ನಿಮಿಷ ಕಲ್ಲಂಗಡಿ ಹಣ್ಣಿಗೆ ಚಿತ್ರಹಿಂಸೆ. ಒದೆಯೋದು, ಕೊಯ್ಯೋದು, ಒಡೆಯೋದು. ಮಕ್ಕಳಾಟ ಅನ್ನಿಸುತ್ತೆ. ಆದರೆ ಅಮೆರಿಕದಲ್ಲಿ ಕಪ್ಪು ಜನರನ್ನ ಹೀಯಾಳಿಸೋಕೆ ಕಲ್ಲಂಗಡಿಯನ್ನೇ ಬಳಸಿಕೊಂಡು ಬಂದಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಮೈಮ್ ಟ್ರೂಪ್ ಆ ಅವಮಾನವನ್ನೇ ತಿರುಗಿಸಿ ಹೊಡೆಯೋ ಒಂದು ನಾಟಕ ಮಾಡ್ತಿತ್ತು, ಅದಕ್ಕಾಗಿ ಮಾಡಿದ ಚಿತ್ರ ಇದು. ಇದು ತಿಳಿದಮೇಲೆ ಇನ್ನೊಂದು ಸಲ ನೋಡಿದರೆ, ಒದೆ ಬೀಳ್ತಿರೋದು ಹಣ್ಣಿಗಲ್ಲ ಅಂತ ಗೊತ್ತಾಗುತ್ತೆ. ನನ್ನ ಕಾಗೆಗೆ ಎರಡು ವರ್ಷದಲ್ಲಿ ಬರದ ಅರ್ಥ ಆ ಹಣ್ಣಿಗೆ ಹನ್ನೊಂದು ನಿಮಿಷದಲ್ಲಿ ಬಂದಿತ್ತು.

ಸರಿ, ಹಾಗಾದರೆ ಆಟಕ್ಕೂ ನಾನು ಮಾಡಿದ್ದಕ್ಕೂ ವ್ಯತ್ಯಾಸ ಏನು? ಅವರೂ ಟೇಕ್ ತಗೋತಿದ್ದರು, ಅವರೂ ಕೂತು ಕಟ್ ಮಾಡ್ತಿದ್ದರು, ಬೆಳಕು ಹೊಂದಿಸ್ತಿದ್ದರು. ಉತ್ತರ ಸಿಕ್ಕಿದ್ದು ಜಾರ್ಜನ 'ಐ, ಆನ್ ಆಕ್ಟ್ರೆಸ್'ನಲ್ಲಿ.

1971ರಿಂದ ಜಾರ್ಜ್ ಸ್ಯಾನ್ ಫ್ರಾನ್ಸಿಸ್ಕೋ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರಾದ. ನ್ಯೂಯಾರ್ಕಿನ ಕೆಲಸ ಹೋಗಿತ್ತು, ಅಲ್ಲಿಂದ ಕರೆ ಬಂತು, ಹೋದ. ಅಲ್ಲಿ ವಿದ್ಯಾರ್ಥಿಗಳ ಜೊತೆ ಸೇರಿ ಪಿಚ್ಚರ್ ಮಾಡೋದೇ ಪಾಠ. 1977ರಲ್ಲಿ ಒಬ್ಬ ವಿದ್ಯಾರ್ಥಿನಿಗಾಗಿ ಸ್ಕ್ರೀನ್ ಟೆಸ್ಟ್ ತೆಗೆದ. ಸುಮಾರು ಹತ್ತು ನಿಮಿಷ, ಕಪ್ಪು-ಬಿಳುಪು. ಅವಳು ಒಂದು ಬೊಂಬೆಯನ್ನೇ ಗಂಡಸು ಅಂತ ತಿಳಿದು ಉದ್ದದ ಮಾತು ಹೇಳಬೇಕು. ಜಾರ್ಜಿಗೆ ಅದು ಸಾಲದು. ಇನ್ನೂ ಜೋರಾಗಿ, ಇನ್ನೂ ಗೋಳಾಡಿ ಅಂತ ಹೇಳಿಕೊಡೋಕೆ ಮತ್ತೆ ಮತ್ತೆ ಫ್ರೇಮಿನೊಳಗೇ ನುಗ್ತಾನೆ. ತಾನೇ ನೆಲಕ್ಕೆ ಬಿದ್ದು ಹೊರಳಾಡಿ ತೋರಿಸ್ತಾನೆ. ಅವಳಿಗೆ ನಗು ತಡೆಯೋಕಾಗಲ್ಲ. ಆ ನಗುವನ್ನ ಅವನು ಕತ್ತರಿಸಿ ಬಿಸಾಡಲಿಲ್ಲ, ಅದೇ ಪಿಚ್ಚರು. 2009ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ನ್ಯಾಶನಲ್ ಫಿಲ್ಮ್ ರಿಜಿಸ್ಟ್ರಿಗೆ ಇದನ್ನ ಸೇರಿಸಿತು, ದೇಶ ಕಾಪಾಡಿ ಇಡಬೇಕಾದ ಚಿತ್ರ ಅಂತ.

ಅದನ್ನ ನೋಡ್ತಾ ನನಗೆ ನನ್ನ ಕೊಡೆ ನೆನಪಾಯ್ತು. ಜಾರ್ಜ್ ತನ್ನ ನಟರಿಂದ ಮಾಡಿಸದ ಹುಚ್ಚಾಟ ಇಲ್ಲ. ಆದರೆ ಅವರಿಗಿಂತ ಮೊದಲು ತಾನು ಬೀಳ್ತಿದ್ದ, ಅವರಿಗಿಂತ ಜಾಸ್ತಿ ತಾನು ನಗೆಪಾಟಲಾಗ್ತಿದ್ದ. ನಾನು ಹದಿನಾಲ್ಕು ಟೇಕ್ ಕೇಳಿದ್ದು ತಪ್ಪಲ್ಲವೇನೋ. ಹದಿನಾಲ್ಕರಲ್ಲೂ ನಾನು ಒಣಗಿದ್ದೆ, ಅದು ತಪ್ಪು. ಒಬ್ಬನಿಗೆ ಮಾತ್ರ ಕೆಸರು ಮೆತ್ತಿದರೆ ಅದು ಆಟ ಹೇಗಾಗುತ್ತೆ ಹೇಳಿ?

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಜಾರ್ಜಿಗೆ ಬಿರುಗಾಳಿ ಅಂದರೆ ಪ್ರಾಣ. ಒಕ್ಲಹೋಮಾದ ಎಲ್ ರೀನೋ ಅನ್ನೋ ಊರಿಗೆ ಟೊರ್ನಾಡೋ ಕಾಲದಲ್ಲಿ ಹೋಗಿ, ಸಾಧಾರಣ ಮೋಟೆಲಿನ ಕೋಣೆಯಲ್ಲಿ ಕಾಯ್ತಾ ಕೂರ್ತಿದ್ದ. 1986ರಿಂದ 'ವೆದರ್ ಡೈರಿ' ಅಂತ ವಿಡಿಯೋಗಳ ಸರಣಿಯನ್ನೇ ಮಾಡಿದ. ಅದರಲ್ಲಿ ಬಿರುಗಾಳಿಗಿಂತ ಜಾಸ್ತಿ ಇರೋದು ಕಾಯೋದು. ತಿಂಡಿ, ಟಿವಿಯ ಹವಾಮಾನ ವಾರ್ತೆ, ಬೀದಿ ನಾಯಿ, ಒಂಟಿತನ, ಹೊಟ್ಟೆಯ ತೊಂದರೆ. ಬಸ್ಸಿಗೆ ಕಾಯೋ ಮನುಷ್ಯನ ಬಗ್ಗೆ ನಾನು ಎರಡು ವರ್ಷ ಎಕ್ಸೆಲ್ ತುಂಬಿಸಿದೆ. ಈ ಮನುಷ್ಯ ಸುಮ್ಮನೆ ಹೋಗಿ ಕಾದ, ಕಾಯ್ತಿರೋ ತನ್ನನ್ನೇ ತೆಗೆದ. ಇನ್ನೂರಕ್ಕಿಂತ ಜಾಸ್ತಿ ಚಿತ್ರ, ವಿಡಿಯೋ ಮಾಡಿ, 2011ರ ಶುರುವಿನವರೆಗೂ ಪಾಠ ಮಾಡಿ, ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಅವನು ನಲವತ್ತು ವರ್ಷ ಕಲಿಸಿದ ಶಾಲೆಯೂ 2022ರಲ್ಲಿ ಮುಚ್ಚಿತು. ಅಣ್ಣನೋ ತಮ್ಮನೋ, ಅವಳಿ ಮೈಕ್ ಮಾತ್ರ ಆಮೇಲೂ ಪಿಚ್ಚರ್ ಮಾಡ್ತಲೇ ಇದ್ದ.

ಹೋದ ಭಾನುವಾರ ಬೆಳಿಗ್ಗೆ ಸೂಟ್‌ಕೇಸು ತಗೊಂಡು ಒಬ್ಬನೇ ಹೆಸರಘಟ್ಟದ ಕಡೆ ಹೋದೆ. ಅದೇ ಕೆರೆ, ಅದೇ ಅಂಚು. ಮಳೆ ಬಂದುಹೋಗಿ ಕೆಸರು ಚೆನ್ನಾಗಿತ್ತು. ಟ್ರೈಪಾಡ್ ನಿಲ್ಲಿಸಿ ರೆಕಾರ್ಡ್ ಒತ್ತಿ, ಸೂಟ್‌ಕೇಸು ಹಿಡಿದು ನಡೆದುಬಂದು ಬಿದ್ದೆ. ಬೀಳೋದು ಅಷ್ಟು ಸುಲಭ ಅಲ್ಲ ಕಣ್ರೀ. ಮೊಣಕೈ ತರಚಿತು, ಬಾಯಲ್ಲೆಲ್ಲ ಮಣ್ಣು. ಹಸು ಮೇಯಿಸೋಕೆ ಬಂದಿದ್ದ ಒಬ್ಬ ತಾತ ಗಾಬರಿಯಾಗಿ ಓಡಿಬಂದರು. "ಏನ್ ಮಗಾ, ಏಟಾಯ್ತಾ?" ಅಂದರು. ಇಲ್ಲ ತಾತ, ಬೇಕೂ ಅಂತಲೇ ಬಿದ್ದೆ ಅಂದೆ. ಅವರು ಕ್ಯಾಮೆರಾ ನೋಡಿದರು, ನನ್ನ ನೋಡಿದರು, ಹೆಗಲ ಮೇಲಿನ ಟವೆಲ್ ತೆಗೆದು ಬಾಯಿ ಮುಚ್ಚಿಕೊಂಡು ನಕ್ಕರು. ಅದೂ ರೆಕಾರ್ಡ್ ಆಗಿದೆ.

ರಾತ್ರಿ ಕೂತು ಹೀರೋನ ಹದಿನಾಲ್ಕು ಟೇಕುಗಳನ್ನ ತೆರೆದೆ. ಬಿದ್ದದ್ದನ್ನೆಲ್ಲ ತೆಗೆದುಹಾಕಿ, ಬಿದ್ದಮೇಲೆ ಅವನು ನಕ್ಕಿದ್ದು, ಬೈದದ್ದು, ಮೂಗಿನ ಕೆಸರು ಒರೆಸಿಕೊಂಡದ್ದು, ಅಷ್ಟನ್ನೇ ಉಳಿಸಿದೆ. ಹಿಂದೆ ಎಲ್ಲೋ ನನ್ನ ದನಿ, "ನಗಬೇಡ" ಅಂತ. ಅದನ್ನೂ ಬಿಟ್ಟೆ. ಕೊನೆಗೆ ಹದಿನೈದನೇ ಟೇಕು, ನನ್ನದು. ಒಟ್ಟು ನಾಲ್ಕು ನಿಮಿಷ ಆಯ್ತು. ಜೊತೆಗೆ ಒಂದು 'ಸಾರಿ' ಬರೆದು ಕಳಿಸಿದೆ.

ಎರಡು ದಿನ ಏನೂ ಇಲ್ಲ. ನೀಲಿ ಟಿಕ್ ಮಾತ್ರ. ಬುಧವಾರ ಸ್ಟ್ಯಾಂಡಪ್ ಮೀಟಿಂಗಿನಲ್ಲಿದ್ದಾಗ ಫೋನು ಗುರ್ ಅಂತು.

"ನಿಂಗೆ ಬೀಳೋಕೆ ಬರಲ್ಲ. ಇನ್ನೊಂದು ಟೇಕ್."

ಬರ್ತೀನಿ ಅಂತ ಅವನು ಬರೆದಿಲ್ಲ. ನಾನೂ ಕೇಳಿಲ್ಲ. ಸೂಟ್‌ಕೇಸು ಮತ್ತೆ ಬಾಲ್ಕನಿಯಲ್ಲೇ ಇದೆ, ಈ ಸಲ ಒದ್ದೆ. ತೊಳೆಯೋದು ಬೇಡ ಅಂತ ಬಿಟ್ಟಿದೀನಿ, ಭಾನುವಾರ ಬೇಕಾಗಬಹುದು. ಎರಡು ಟವೆಲ್ ಮಾತ್ರ ಈಗಲೇ ಬ್ಯಾಗಿಗೆ ಹಾಕಿಟ್ಟೆ.